ಮನೆಯಲ್ಲಿ ಮಗ, ಮೊಬೈಲಿನಲ್ಲಿ ಸಾಲ



ಬೆಳಗಿನ ಹೊತ್ತು ಕಮಠಾಣದಿಂದ ಬೀದರಿಗೆ ಹೊರಡುವ ಬಸ್ಸು ಹತ್ತಿ ನೋಡಿ. ನಿಂತವರಲ್ಲೂ ಕೂತವರಲ್ಲೂ ಇಪ್ಪತ್ತೆರಡು, ಇಪ್ಪತ್ತೈದರ ಹುಡುಗ ಹುಡುಗಿಯರೇ ಹೆಚ್ಚು. ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ ಮಾಡುವವರು, ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಗುತ್ತಿಗೆ ಮೇಲಿರುವವರು, ಮೊಬೈಲ್ ಅಂಗಡಿಯಲ್ಲೋ ಬಟ್ಟೆ ಅಂಗಡಿಯಲ್ಲೋ ನಿಲ್ಲುವವರು, ಡಿಗ್ರಿ ಮುಗಿಸಿ ಪರೀಕ್ಷೆಗೆ ಓದುವವರು. ಭಾಲ್ಕಿಯ ಬಸ್ಸೂ ಹೀಗೆಯೇ, ಔರಾದಿನದೂ ಹೀಗೆಯೇ. ಸಂಜೆಗೆ ಎಲ್ಲರೂ ತಂದೆ ತಾಯಿಯ ಮನೆಗೇ ಮರಳುತ್ತಾರೆ. ದುಡಿಯುವ ಮಗ ಮನೆಯಲ್ಲೇ ಇರುವುದು ನಮ್ಮ ಕಡೆ ಯಾರಿಗೂ ಕೊರತೆಯಾಗಿ ಕಂಡಿಲ್ಲ. ಮದುವೆಯಾದ ಮೇಲೂ ಇರುತ್ತಾನೆ, ಇರಲಿ. ಆದರೆ ಒಂದೇ ಒಲೆಯ ಅನ್ನ ಉಣ್ಣುವ ಈ ಮಕ್ಕಳ ಹಣಕಾಸು ಮಾತ್ರ ಈಗ ಆ ಮನೆಯೊಳಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸಹಕಾರ ಸಂಘದ ಲೆಕ್ಕ ಬರೆದು ಬದುಕಿದವನು ನಾನು. ಇವತ್ತು ಆ ಕಾಣದ ಲೆಕ್ಕದ ಬಗ್ಗೆ ಮಾತಾಡಬೇಕೆಂದಿದ್ದೇನೆ.

ಮೊದಲು ಸಾಲವೆಂದರೆ ಊರಿಗೆಲ್ಲ ಗೊತ್ತಾಗುವ ಸಂಗತಿ. ಸಾವಕಾರನ ಕಟ್ಟೆಗೆ ಹೋಗಿ ಕೂರಬೇಕು, ಬಂಗಾರ ಗಿರವಿ ಇಡಬೇಕು, ಜಾಮೀನಿಗೆ ಒಬ್ಬನನ್ನು ಕರೆದೊಯ್ಯಬೇಕು. ಮಗ ಮನೆಯ ಹಿಂದಿನಿಂದ ಹೋಗಿ ಸಾಲ ಎತ್ತಿದರೂ ಸಂಜೆಯೊಳಗೆ ಯಾರೋ ಬಂದು ತಂದೆಯ ಕಿವಿಗೆ ಹಾಕುತ್ತಿದ್ದರು. ಆ ಸಾವಕಾರಿಕೆಯನ್ನು ನಾನು ಹೊಗಳುತ್ತಿಲ್ಲ. ಅದರಲ್ಲಿ ಹೊಲ ಕಳೆದುಕೊಂಡ ಮನೆಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಈಗಿನ ಸಾಲಕ್ಕೆ ಆ ಸಾಕ್ಷಿಯೂ ಇಲ್ಲ. ಊಟ ಮಾಡಿ ಹಾಸಿಗೆಯಲ್ಲಿ ಮಲಗಿ, ಪಕ್ಕದಲ್ಲಿ ತಮ್ಮ ನಿದ್ದೆ ಮಾಡುತ್ತಿರುವಾಗ, ಆಧಾರ್ ಮತ್ತು ಪ್ಯಾನ್ ಕಾರ್ಡಿನ ಫೋಟೋ ಹಾಕಿ ಹತ್ತು ನಿಮಿಷದಲ್ಲಿ ಸಾಲ ಪಡೆಯಬಹುದು.

ಪೆನ್ನು ಕಾಗದ ಹತ್ತಿರವಿದ್ದರೆ ತಗೊಳ್ಳಿ, ಒಂದು ಲೆಕ್ಕ ಮಾಡೋಣ. ಕಳ್ಳ ಆ್ಯಪ್‌ಗಳು ಸಾಲ ಕೊಡುವ ರೀತಿ ಹೀಗಿರುತ್ತದೆ: ಮಂಜೂರಾದ ಸಾಲ 5,000 ರೂಪಾಯಿ. ಪ್ರೊಸೆಸಿಂಗ್ ಫೀ, ಸರ್ವಿಸ್ ಚಾರ್ಜು ಎಂದೆಲ್ಲ ಹಿಡಿದುಕೊಂಡು ಖಾತೆಗೆ ಹಾಕುವುದು 3,200. ಏಳನೆಯ ದಿನ ಪೂರಾ 5,000 ಕಟ್ಟಬೇಕು. ಅಂದರೆ 3,200 ರೂಪಾಯಿ ಒಂದು ವಾರ ಬಳಸಿದ್ದಕ್ಕೆ 1,800 ರೂಪಾಯಿ. ಇದೇ ಹಣವನ್ನು ನಮ್ಮೂರ ಸಾವಕಾರನಿಂದ ಮೂರರ ಬಡ್ಡಿಗೆ, ಅಂದರೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯಂತೆ ತಂದಿದ್ದರೆ ವಾರದ ಬಡ್ಡಿ ಎಷ್ಟು? ಸುಮಾರು 22 ರೂಪಾಯಿ. ಲೇವಾದೇವಿ ಕಾಯ್ದೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇರುವ ಲೇವಾದೇವಿಗಾರ ಅಡವಿಲ್ಲದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 16ಕ್ಕಿಂತ ಹೆಚ್ಚು ತಗೊಳ್ಳುವಂತಿಲ್ಲ. ಆ ಲೆಕ್ಕದಲ್ಲಿ ವಾರಕ್ಕೆ ಹತ್ತು ರೂಪಾಯಿಯೂ ಆಗುವುದಿಲ್ಲ.

ಈಗ ಮುಂದಿನದು. ಏಳನೆಯ ದಿನ ಹುಡುಗನ ಹತ್ತಿರ ಹಣವಿಲ್ಲ. ಮತ್ತೆರಡು ಆ್ಯಪ್‌ಗಳಲ್ಲಿ ಐದೈದು ಸಾವಿರ ಎತ್ತುತ್ತಾನೆ. ಕೈಗೆ ಬಂದದ್ದು 6,400. ಹಳೆಯ 5,000 ಕಟ್ಟಿ 1,400 ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡ ಎಂದೇ ಇಟ್ಟುಕೊಳ್ಳಿ. ಹದಿನಾಲ್ಕನೆಯ ದಿನ 10,000 ಕಟ್ಟಬೇಕು. ಮೂರು ಆ್ಯಪ್‌ಗಳಿಂದ 9,600 ಬಂತು, ಜೇಬಿನ 1,400 ಸೇರಿಸಿ ಹೇಗೋ ಕಟ್ಟಿದ. ಇಪ್ಪತ್ತೊಂದನೆಯ ದಿನಕ್ಕೆ ಸಾಲ 15,000. ಇಷ್ಟರಲ್ಲಿ ಅವನು ನಿಜವಾಗಿ ಖರ್ಚಿಗೆ ಬಳಸಿದ್ದು ಮೊದಲ ವಾರದ 3,200 ಮಾತ್ರ. ಹುಡುಗ ಮೂರ್ಖನಲ್ಲ. ಪ್ರತಿ ಸಲವೂ ಹಳೆಯ ಬಾಕಿ ಮುಗಿಸಿ ಪ್ರಾಮಾಣಿಕನಾಗಿ ಇರೋಣ ಎಂದೇ ಹೊಸದು ಎತ್ತಿದ್ದಾನೆ. ತಂದೆ ತಾಯಿ ಇದನ್ನು ತಿಳಿದುಕೊಂಡರೆ ಬೈಗುಳ ಅರ್ಧ ಕಡಿಮೆಯಾಗುತ್ತದೆ.

ಇಂಥ ಆ್ಯಪ್‌ಗಳು ಯಾರೋ ನಾಲ್ಕು ಜನ ಮಾಡಿದ ಕಿತಾಪತಿ ಎಂದುಕೊಳ್ಳಬೇಡಿ. 2021ರಲ್ಲಿ ರಿಸರ್ವ್ ಬ್ಯಾಂಕಿನ ಕಾರ್ಯತಂಡವೊಂದು ಆ ವರ್ಷದ ಮೊದಲ ಎರಡು ತಿಂಗಳಲ್ಲಿ ಆ್ಯಪ್ ಸ್ಟೋರ್‌ಗಳನ್ನು ಜಾಲಾಡಿದಾಗ ಸುಮಾರು 1,100 ಸಾಲದ ಆ್ಯಪ್‌ಗಳು ಸಿಕ್ಕವು. ಅದರಲ್ಲಿ 600 ಅಕ್ರಮ. ಇವುಗಳ ಬಲವೆಲ್ಲ ಇರುವುದು ಒಂದೇ ಗುಂಡಿಯಲ್ಲಿ. ಆ್ಯಪ್ ಹಾಕಿಕೊಳ್ಳುವಾಗ "ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೊಡಿ" ಎಂದು ಕೇಳುತ್ತದೆ, ಹುಡುಗ ಒತ್ತುತ್ತಾನೆ. ಅಲ್ಲಿಗೆ ಸೋದರಮಾವ, ಹೆಣ್ಣು ಕೊಡುವವರು, ಕಾಲೇಜಿನ ಮೇಡಂ, ಕೆಲಸ ಕೊಟ್ಟ ಮಾಲೀಕ ಎಲ್ಲರ ನಂಬರೂ ಅವರ ಕೈಗೆ ಹೋಯಿತು. ಕಂತು ಒಂದು ದಿನ ತಡವಾದರೆ ಆ ನಂಬರುಗಳಿಗೆಲ್ಲ "ಇವನು ಕಳ್ಳ" ಎಂದು ಮೆಸೇಜು. ಹುಡುಗಿಯರ ಫೋಟೋ ತಿದ್ದಿ ಕಳಿಸುವಷ್ಟು ಹೇಸಿಗೆಯ ಕೆಲಸವನ್ನೂ ಮಾಡಿದ್ದಾರೆ.

2022ರ ಸೆಪ್ಟೆಂಬರ್‌ನಿಂದ ರಿಸರ್ವ್ ಬ್ಯಾಂಕು ಇದಕ್ಕೆ ನಿಯಮ ಮಾಡಿದೆ. ಸಾಲದ ಆ್ಯಪ್ ನಿಮ್ಮ ಫೋನಿನ ಕಾಂಟ್ಯಾಕ್ಟು, ಕರೆಗಳ ಪಟ್ಟಿ, ಫೋಟೋ ಇತ್ಯಾದಿ ಮುಟ್ಟುವಂತಿಲ್ಲ. ಆದ್ದರಿಂದ ನಂಬರುಗಳನ್ನು ಕೇಳುವ ಆ್ಯಪ್ ಸಿಕ್ಕಿದ ಕ್ಷಣವೇ ಅದು ಕಳ್ಳ ಆ್ಯಪ್ ಎಂದು ತಿಳಿದುಕೊಳ್ಳಬಹುದು. ಬ್ಯಾಂಕು, ಫೈನಾನ್ಸ್ ಕಂಪನಿಗಳು ಯಾವ ಆ್ಯಪ್‌ಗಳ ಮೂಲಕ ಸಾಲ ಕೊಡುತ್ತವೆ ಎಂಬ ಪಟ್ಟಿಯೂ 2025ರ ಜುಲೈಯಿಂದ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿದೆ. ಕಂಪನಿಗಳು ಕೊಟ್ಟ ಹೆಸರನ್ನೇ ಅಲ್ಲಿ ಹಾಕಿದ್ದಾರೆ, ಒಂದೊಂದನ್ನೂ ತಪಾಸಣೆ ಮಾಡಿ ಹಾಕಿದ್ದಲ್ಲ. ಹಾಗಾಗಿ ಪಟ್ಟಿಯಲ್ಲಿ ಹೆಸರಿದ್ದರೆ ಸಾಲ ಸೋವಿ ಎಂದರ್ಥವಲ್ಲ. ಹೆಸರಿಲ್ಲದಿದ್ದರೆ ಮಾತ್ರ ಆ ಕಡೆ ತಲೆ ಹಾಕಬೇಡಿ. ಇನ್ನೊಂದು ಕಾಗದವಿದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಲಕ್ಕೆ ಸಹಿ ಹಾಕಿಸುವ ಮೊದಲು ಅದರ ಮುಖ್ಯ ವಿವರಗಳ ಹಾಳೆ ಕೊಡಬೇಕು. ಎಲ್ಲ ಖರ್ಚೂ ಸೇರಿ ವರ್ಷದ ಬಡ್ಡಿ ಎಷ್ಟು ಬೀಳುತ್ತದೆ ಎಂದು ಅದರಲ್ಲಿ ಬರೆದಿರಬೇಕು, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದಿರಬೇಕು. ಕನ್ನಡದಲ್ಲಿ ಕೇಳಿ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಇಂಗ್ಲಿಷಿನಲ್ಲಿ ಹತ್ತು ಪುಟ ಮುಂದಿಟ್ಟು ಬೆರಳು ತೋರಿಸುತ್ತಾರೆ.

ಮಕ್ಕಳು ಯಾಕೆ ಎತ್ತುತ್ತಾರೆ? ಫೋನಿಗೆ, ಬೈಕಿಗೆ, ಗೆಳೆಯನ ಮದುವೆಗೆ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಅದೂ ಇದೆ. ಹಣ ಕಟ್ಟಿ ಆಡುವ ಮೊಬೈಲ್ ಆಟಗಳಿಗಂತೂ ಬಹಳ ಹೋಗಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ಅಂಥ ಆಟಗಳನ್ನು ದೇಶಾದ್ಯಂತ ನಿಷೇಧಿಸಬೇಕಾಯಿತು. ಆಟ ನಿಂತರೂ ಆಟಕ್ಕಾಗಿ ಮಾಡಿದ ಸಾಲ ನಿಲ್ಲುವುದಿಲ್ಲ. ಆದರೆ ನಾನು ಕಂಡ ಕೆಲವು ಮನೆಗಳಲ್ಲಿ ಕಾರಣ ಬೇರೆ. ತಾಯಿಯ ಆಸ್ಪತ್ರೆ ಬಿಲ್ಲಿಗೆ, ತಂಗಿಯ ಫೀಸಿಗೆ, "ಅಪ್ಪನ ಹತ್ತಿರ ಕೇಳಿದರೆ ಪಾಪ ಎಲ್ಲಿಂದ ತರುತ್ತಾನೆ" ಎಂದು ಹುಡುಗನೇ ಎತ್ತಿರುತ್ತಾನೆ. ಅಂಥವನನ್ನು ಜೂಜುಕೋರನಂತೆ ವಿಚಾರಿಸಿದರೆ ಅವನು ಮತ್ತೆಂದೂ ಬಾಯಿ ಬಿಡುವುದಿಲ್ಲ. ಇನ್ನೊಂದು ರೀತಿ ನಮ್ಮ ಹಳ್ಳಿಗಳಲ್ಲಿ ಬಹಳ ನಡೆಯುತ್ತದೆ. ಗೆಳೆಯನ ಸಿಬಿಲ್, ಅಂದರೆ ಸಾಲ ತೀರಿಸಿದ ದಾಖಲೆ, ಕೆಟ್ಟಿರುತ್ತದೆ. "ನಿನ್ನ ಹೆಸರಿನ ಮ್ಯಾಲ ಬೈಕ್ ತಗೋತೀನಿ, ಕಂತು ನಾ ತುಂಬ್ತೀನಿ" ಎನ್ನುತ್ತಾನೆ. ನಾಲ್ಕು ಕಂತು ಕಟ್ಟುತ್ತಾನೆ, ಆಮೇಲೆ ಹೈದರಾಬಾದಿಗೆ ಹೋಗಿಬಿಡುತ್ತಾನೆ. ಕಾಗದದ ಮೇಲೆ ಸಾಲಗಾರ ನಮ್ಮ ಮಗನೇ. ಬೈಕಿನ ಮೇಲೆ ಒಂದು ದಿನವೂ ಕೂತಿರುವುದಿಲ್ಲ.

ಹಾಗಾದರೆ ಕೇಳುವುದು ಹೇಗೆ? ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಮಗನ ಸಾಲ ಕೇಳುವ ಮೊದಲು ತಂದೆ ತನ್ನ ಸಾಲ ಹೇಳಬೇಕು. ನಮ್ಮ ಮನೆಗಳಲ್ಲಿ ಸಾಲ ಗಂಡಸಿನ ಗುಟ್ಟು. ಹೆಂಡತಿಗೆ ಅರ್ಧ ಗೊತ್ತು, ಮಕ್ಕಳಿಗೆ ಏನೂ ಗೊತ್ತಿಲ್ಲ. ಸಾಲವನ್ನು ಮುಚ್ಚಿಡಬೇಕು ಎಂಬುದನ್ನು ಮಗ ಕಲಿತದ್ದೇ ಅಪ್ಪನಿಂದ. ಸೋಯಾ ರಾಶಿ ಮುಗಿದು ದುಡ್ಡು ಬಂದ ದಿನ, ಊಟ ಆದ ಮೇಲೆ, ಟಿವಿ ಆರಿಸಿ ಮಾತು ಹೀಗೆ ಶುರುವಾಗಬಹುದು:

"ತಮ್ಮಾ, ಜೂನ್‌ದಾಗ ಬೀಜಕ್ಕ ಗೊಬ್ಬರಕ್ಕ ನಾ ಮೂರರ ಬಡ್ಡಿಗಿ ನಲವತ್ ಸಾವಿರ ತಂದಿದ್ದೆ. ತಿಂಗಳಿಗಿ ಹನ್ನೆರಡ್ ನೂರು ಬಡ್ಡಿನೇ ಹೋಗ್ತದ. ಸೊಸೈಟಿದೂ ಅದ. ಈ ಸಲ ಸಾವಕಾರಂದು ಮುಟ್ಟಸಬೇಕಂತೀನಿ. ನಿಂದೇನರ ಕಟ್ಟೋದದಾ?"

"ಏನಿಲ್ಲಪ್ಪಾ... ಫೋನಿಂದೊಂದು ಕಂತದ."

"ಇರಲಿ, ಬರಿ ಹಂಗಾರ. ಎಷ್ಟು, ಯಾವ ತಾರೀಖಿಗಿ, ಇನ್ನಾ ಎಷ್ಟು ಉಳದಾವ."

ಮೊದಲ ದಿನ ಅವನು ಫೋನಿನ ಕಂತು ಒಂದನ್ನೇ ಹೇಳುತ್ತಾನೆ. ಪರವಾಗಿಲ್ಲ. ತಂದೆ ಸಿಟ್ಟಾಗಲಿಲ್ಲ ಎಂಬುದನ್ನು ನೋಡಿಕೊಂಡು ಮುಂದಿನ ತಿಂಗಳು ಎರಡನೆಯದು ಹೇಳುತ್ತಾನೆ. ಅವ್ವನಿಗೆ ಮೊದಲು ಹೇಳಬಹುದು. ಆಗ ಅವ್ವ ಅದನ್ನು ಅಪ್ಪನಿಂದ ಮುಚ್ಚಿಟ್ಟು ಕಿವಿಯ ಬೆಂಡೋಲೆ ಮಾರಬಾರದು. ತಿಂಗಳಿಗೊಮ್ಮೆ ಮನೆಯ ಎಲ್ಲರ ಕಂತನ್ನೂ ಒಂದು ವಹಿಯಲ್ಲಿ ಬರೆಯುವ ಮನೆಯಲ್ಲಿ ಹುಡುಗ ಹೊಸ ಸಾಲಕ್ಕೆ ಕೈ ಹಾಕುವಾಗ ಆ ವಹಿ ನೆನಪಾಗುತ್ತದೆ. ಸಂಬಳವನ್ನೆಲ್ಲ ಕಿತ್ತುಕೊಂಡು ದಿನಕ್ಕೆ ನೂರು ರೂಪಾಯಿ ಎಣಿಸಿ ಕೊಡುವ ತಂದೆಯರೂ ಇದ್ದಾರೆ. ಇಪ್ಪತ್ತನಾಲ್ಕರ ಮಗ ಅದಕ್ಕೆ ಒಗ್ಗುವುದಿಲ್ಲ. ಆ್ಯಪ್‌ಗಳಿಗೆ ಅಂಥ ಮನೆಯ ಹುಡುಗರೇ ಸುಲಭವಾಗಿ ಸಿಗುತ್ತಾರೆ.

ಕಾನೂನಿನ ಒಂದು ಮಾತು ತಿಳಿದಿರಲಿ. ವಯಸ್ಸಿಗೆ ಬಂದ ಮಗ ತಾನೊಬ್ಬನೇ ಸಹಿ ಹಾಕಿ ಮಾಡಿದ ಸಾಲಕ್ಕೆ ತಂದೆ ತಾಯಿ ಹೊಣೆಯಲ್ಲ. ಒಂದೇ ಮನೆಯಲ್ಲಿದ್ದಾರೆ ಎಂಬುದರಿಂದ ಹೊಣೆ ಬರುವುದಿಲ್ಲ. "ನಿಮ್ಮ ಮಗ ಕಟ್ಟಲಿಲ್ಲ, ನಿಮ್ಮ ಎತ್ತು ಒಯ್ಯುತ್ತೇವೆ" ಎನ್ನುವವನಿಗೆ ಯಾವ ಹಕ್ಕೂ ಇಲ್ಲ. ಆದರೆ ನೀವು ಜಾಮೀನು ಹಾಕಿದ್ದರೆ ಮಾತು ಬೇರೆ. 1872ರ ಕರಾರು ಕಾಯ್ದೆಯ 128ನೆಯ ಕಲಮಿನಂತೆ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಸಾಲ ಕೊಟ್ಟವರು ಮೊದಲು ಸಾಲಗಾರನನ್ನು ಕೇಳಿ ಆಮೇಲೆ ನಿಮ್ಮ ಹತ್ತಿರ ಬರಬೇಕೆಂದೇನೂ ಇಲ್ಲ. ಶಿಕ್ಷಣ ಸಾಲದಲ್ಲಿ ತಂದೆಯನ್ನೋ ತಾಯಿಯನ್ನೋ ಜೊತೆ ಸಾಲಗಾರರನ್ನಾಗಿ ಹಾಕಿಕೊಳ್ಳುವುದು ವಾಡಿಕೆ. ಅಲ್ಲಿ ಗೊತ್ತಿದ್ದೇ ಸಹಿ ಹಾಕುತ್ತೇವೆ. ಗೊತ್ತಿಲ್ಲದೆ ಹಾಕುವ ಸಹಿಗಳೇ ತೊಂದರೆ ಕೊಡುವುದು.

ಅದರಲ್ಲೂ ತಾಯಂದಿರ ಸಂಘದ ಸಾಲ. ಸ್ವಸಹಾಯ ಸಂಘಗಳ ವಿಷಯದಲ್ಲಿ ಬೀದರಿಗೆ ದೊಡ್ಡ ಹೆಸರಿದೆ. ಗುರುಪಾದಪ್ಪ ನಾಗಮಾರಪಳ್ಳಿಯವರು ಅಧ್ಯಕ್ಷರಾಗಿದ್ದ ಕಾಲದಲ್ಲಿ ಬೀದರ್ ಡಿಸಿಸಿ ಬ್ಯಾಂಕು ಹಳ್ಳಿಯ ಸೊಸೈಟಿಗಳ ಮೂಲಕ ಹೆಣ್ಣುಮಕ್ಕಳ ಸಂಘಗಳನ್ನು ಕಟ್ಟಿ, ಬೇರೆ ಜಿಲ್ಲೆ ರಾಜ್ಯಗಳ ಸಹಕಾರಿ ಬ್ಯಾಂಕಿನವರು ಬಂದು ನೋಡಿ ಹೋಗುವಂತೆ ಮಾಡಿತು. ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಉಳಿಸಿದ ತಾಯಂದಿರಿಗೆ ಒಬ್ಬರ ಮೇಲೊಬ್ಬರಿಗೆ ಇದ್ದ ನಂಬಿಕೆಯೇ ಆ ಸಾಲಕ್ಕೆ ಅಡವು. ಈಗ ಆ ಸಂಘಗಳ ಪಕ್ಕದಲ್ಲೇ ಫೈನಾನ್ಸ್‌ನವರ ಗುಂಪುಗಳು ಹುಟ್ಟಿವೆ, ಒಂದೇ ತಾಯಿ ಎರಡು ಮೂರು ಕಡೆ ಸದಸ್ಯೆ. ಮಗ ಬಂದು ಅವ್ವನ ಮುಂದೆ ಕೂತು, "ಸಂಘದಾಗ ನಿನ್ನ ಹೆಸರಿಗಿ ಐವತ್ ಸಾವಿರ ತಗದು ಕೊಡು, ನಾ ತುಂಬ್ತೀನಿ" ಎಂದರೆ ಯಾವ ತಾಯಿ ಇಲ್ಲ ಎನ್ನುತ್ತಾಳೆ? ಮೂರನೆಯ ವಾರ ಮಗನಿಗೆ ಪಾಳಿ ಸಿಗಲಿಲ್ಲ, ಕಂತು ತಪ್ಪಿತು. ಗುಂಪಿನ ಉಳಿದವರು ಸಂಜೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅವರದೂ ತಪ್ಪಲ್ಲ, ಆಕೆಯ ಕಂತು ಅವರೇ ತುಂಬಬೇಕು. ಇಪ್ಪತ್ತು ವರ್ಷದ ಓಣಿಯ ಗೆಳೆತನ ಮಗನ ಒಂದು ಕಂತಿಗೆ ಮುರಿಯುತ್ತದೆ. ತಾಯಂದಿರೇ, ಸಂಘದ ಸಾಲ ಎಮ್ಮೆಗೆ, ಹೊಲಿಗೆ ಯಂತ್ರಕ್ಕೆ, ಅಂಗಡಿಗೆ ಇರಲಿ. ಮಗನಿಗೆ ಕೊಡಲೇಬೇಕಾದರೆ ಅವನನ್ನು ಸಂಘದ ಸಭೆಗೆ ಕರೆದೊಯ್ದು, ಎಲ್ಲರ ಎದುರಿಗೆ ಯಾತಕ್ಕೆ, ಹೇಗೆ ತೀರಿಸುತ್ತೇನೆ ಎಂದು ಅವನ ಬಾಯಿಂದಲೇ ಹೇಳಿಸಿ. ಅರ್ಧದಷ್ಟು ಮಕ್ಕಳು ಆ ಸಭೆಗೆ ಬರುವುದೇ ಇಲ್ಲ, ಅಲ್ಲಿಗೆ ಆ ಸಾಲವೂ ತಪ್ಪಿತು.

ಮೈಕ್ರೋಫೈನಾನ್ಸ್ ಸಾಲಕ್ಕೆ 2022ರಲ್ಲಿ ರಿಸರ್ವ್ ಬ್ಯಾಂಕು ಮಾಡಿದ ನಿಯಮದಲ್ಲಿ ನಮಗೆ ಉಪಯೋಗವಾಗುವ ಒಂದು ಅಂಶವಿದೆ. ಅಲ್ಲಿ ಮನೆ ಎಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಆ ಇಡೀ ಮನೆಯ ತಿಂಗಳ ಕಂತುಗಳೆಲ್ಲ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಮಗನ ಬೈಕಿನ ಕಂತೂ ಈ ಲೆಕ್ಕಕ್ಕೆ ಬರುತ್ತದೆ. ಫೈನಾನ್ಸ್‌ನವನು ಕೇಳದಿದ್ದರೂ ನೀವೇ ಹೇಳಿ. ಅರ್ಧ ಎಂಬುದು ಬೀದರಿನಂಥ ಮಳೆಯಾಶ್ರಿತ ಜಿಲ್ಲೆಗೆ ನನ್ನ ಮಟ್ಟಿಗೆ ಬಹಳ ಹೆಚ್ಚಾಯಿತು. ತೊಗರಿ ಕೈಕೊಟ್ಟ ವರ್ಷ ಕಾಲುಭಾಗ ಕಟ್ಟುವುದೂ ಕಷ್ಟ.

ವಸೂಲಿಯ ಕಿರುಕುಳದಿಂದ ರಾಜ್ಯದ ಹಲವು ಕಡೆ ಜನ ಊರು ಬಿಟ್ಟು, ಜೀವ ಬಿಟ್ಟ ಮೇಲೆ ಕರ್ನಾಟಕ ಸರ್ಕಾರ 2025ರ ಫೆಬ್ರವರಿ 12ರಂದು ಸುಗ್ರೀವಾಜ್ಞೆ ತಂದಿತು, ಮಾರ್ಚ್‌ನಲ್ಲಿ ವಿಧಾನಮಂಡಲ ಅದನ್ನು ಮಸೂದೆಯಾಗಿ ಅಂಗೀಕರಿಸಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆಯೇ ಲೆಕ್ಕ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಬ್ಯಾಂಕು, ಕಂಪನಿಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲ. "ಸರ್ಕಾರ ಸಾಲ ಮನ್ನಾ ಮಾಡ್ಯಾದಂತ" ಎಂದು ಯಾರೋ ಹೇಳಿದ್ದನ್ನು ನಂಬಿ ಬ್ಯಾಂಕಿನ ಕಂತು ನಿಲ್ಲಿಸಿದವರ ಸಿಬಿಲ್ ಕೆಟ್ಟು ಕೂತಿದೆ. ಬ್ಯಾಂಕಿನವರಿಗೂ ಲಗಾಮು ಇದೆ: ವಸೂಲಿಯವರು ಬೆಳಗ್ಗೆ ಎಂಟರ ಮೊದಲು, ಸಂಜೆ ಏಳರ ನಂತರ ಫೋನು ಮಾಡುವಂತಿಲ್ಲ.

ನಿಜವಾಗಿ ಹಣ ಬೇಕಾದಾಗ ಎಲ್ಲಿಗೆ ಹೋಗಬೇಕು ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಹೊಲಕ್ಕಾದರೆ ಊರಿನ ಸೊಸೈಟಿ. ಐದು ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆ ಸಾಲವನ್ನು ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದೆ. ಅಂಗಡಿ, ಕಸುಬಿಗೆ ಮುದ್ರಾ ಸಾಲ. ಅವಸರಕ್ಕೆ ಬ್ಯಾಂಕಿನ ಬಂಗಾರದ ಸಾಲ. ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ. ಪರೀಕ್ಷೆ ಫೀಸು, ಬಸ್ ಖರ್ಚಿಗೆ ಮಕ್ಕಳು ಆ್ಯಪ್ ಮುಟ್ಟದಿರಲು ಇಷ್ಟು ಸಾಕು. ಅರ್ಹರಾಗಿದ್ದೂ ಅರ್ಜಿ ಹಾಕದವರು ಇದ್ದಾರೆ, ಇದು ನನಗೆ ಅರ್ಥವಾಗದ ಸೋಮಾರಿತನ.

ಈಗಾಗಲೇ ಸಿಕ್ಕಿಕೊಂಡ ಮನೆಗೆ ಕೊನೆಯದಾಗಿ ಕೆಲವು ಮಾತು. ಗುರುತುಗಳು ಮನೆಯವರಿಗೆ ಕಾಣುತ್ತವೆ: ಫೋನು ಬಂದರೆ ಎದ್ದು ಹೊರಗೆ ಹೋಗುತ್ತಾನೆ, ಗುರುತಿಲ್ಲದ ನಂಬರಿನಿಂದ ನಿಮಗೇ ಕರೆ ಬರುತ್ತದೆ, ಊಟ ಅರ್ಧಕ್ಕೆ ಬಿಡುತ್ತಾನೆ. ಆ ರಾತ್ರಿ ಲೆಕ್ಕ ಕೇಳಬೇಡಿ, ಜೊತೆಯಲ್ಲಿ ಮಲಗಿ. ಮಗ ಸಾಯುವ ಮಾತಾಡಿದರೆ, ಅಥವಾ ಆಡದೆಯೂ ನಿಮಗೆ ಹಾಗೆನಿಸಿದರೆ 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ಹಣ ಬೀಳುವುದಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಬೆಳಗ್ಗೆ ಬೆದರಿಕೆಯ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು 1930ಕ್ಕೆ ದೂರು ಕೊಡಿ, ಠಾಣೆಗೂ ಹೋಗಿ. ಆಮೇಲೆಯೇ ಆ್ಯಪ್ ಅಳಿಸಿ, ಮೊದಲು ಅಳಿಸಿದರೆ ಸಾಕ್ಷಿ ಹೋಗುತ್ತದೆ. ನೆಂಟರಿಷ್ಟರಿಗೆ ನೀವೇ ಒಂದು ಮಾತು ಹೇಳಿಬಿಡಿ: "ನಮ್ಮ ಹುಡುಗನ ಫೋನಿನ ನಂಬರು ಕದ್ದಾರ, ಏನರ ಮೆಸೇಜ್ ಬಂದ್ರ ನಂಬಬ್ಯಾಡ್ರಿ." ಇಷ್ಟು ಹೇಳಿದ ಮೇಲೆ ಹೆದರಿಸಲು ಅವರ ಹತ್ತಿರ ಏನೂ ಉಳಿಯುವುದಿಲ್ಲ. ರಿಸರ್ವ್ ಬ್ಯಾಂಕಿನ ಅಡಿಯಲ್ಲಿರುವ ಕಂಪನಿಯ ಕಿರುಕುಳವಾದರೆ ಮೊದಲು ಅದೇ ಕಂಪನಿಗೆ ಬರೆದು ದೂರು ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು, 14448ರಲ್ಲಿ ದಾರಿ ಹೇಳುತ್ತಾರೆ.

ತಂದೆ ಆ ಸಾಲ ತುಂಬಬೇಕೆ? ನಿಮ್ಮ ಮನೆಯ ಶಕ್ತಿ ನಿಮಗೇ ಗೊತ್ತು. ನಾನು ನೋಡಿದ ಮಟ್ಟಿಗೆ, ಮಾತಿಲ್ಲದೆ ಒಮ್ಮೆ ಪೂರಾ ತುಂಬಿಬಿಟ್ಟ ಮನೆಗಳಲ್ಲಿ ವರ್ಷದೊಳಗೆ ಎರಡನೆಯ ಸಾಲ ಕಂಡಿದ್ದೇನೆ. ತುಂಬುವುದಾದರೆ ಮನೆಯ ವಹಿಯಲ್ಲಿ ಅದನ್ನು ಮಗನ ಸಾಲವೆಂದೇ ಬರೆಯಿರಿ, ಬಡ್ಡಿ ಬೇಡ, ಸಂಬಳದ ದಿನ ಇಷ್ಟು ಎಂದು ಗೊತ್ತು ಮಾಡಿ. ಹೊಲ ಮಾತ್ರ ಅಡವಿಡಬೇಡಿ. ಕಾಯ್ದೆಬದ್ಧ ಸಾಲವಾದರೆ ತುಂಬಿದ ಮೇಲೆ ಸಾಲ ತೀರಿದ ಪತ್ರ ಕೇಳಿ ತಗೊಳ್ಳಿ, ಫೋನ್‌ಪೇ ಗೂಗಲ್‌ಪೇಗಳಲ್ಲಿ ಆಟೋಪೇ ಉಳಿದಿದ್ದರೆ ತೆಗೆಸಿ. ಎರಡು ಮೂರು ತಿಂಗಳು ಬಿಟ್ಟು ಮಗನ ಸಿಬಿಲ್ ವರದಿ ತೆಗೆಸಿ ನೋಡಿ. ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ಆ ಸಾಲ ಮುಚ್ಚಿದೆ ಎಂದು ಅಲ್ಲಿ ಬಂದಿರಬೇಕು. ಅವನು ನಿಮಗೆ ಹೇಳದ ಇನ್ನೊಂದು ಸಾಲ ಅವನ ಹೆಸರಿನಲ್ಲಿ ಕಂಡರೆ, ಆ ಬೈಕಿನ ಗೆಳೆಯನ ಮನೆಗೆ ಅಂದೇ ಸಂಜೆ ಹೋಗಬೇಕಾಗುತ್ತದೆ.